ಎರಡಂಕೆಯ ವರ್ಷವೂ ನಾಡಿನ ವಿದ್ಯುತ್ತೂ

ಕಾಲಗಣನೆಯಲ್ಲಿ ಸಂಕ್ಷೇಪವು ಸೌಕರ್ಯವನ್ನು ತರುವಂತೆ ಸಂಕಟವನ್ನೂ ತರಬಲ್ಲುದು. ಸಂವತ್ಸರಚಕ್ರವು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದಷ್ಟೆ. ‘ಪ್ರಮಾಥಿ ಸಂವತ್ಸರ’ ಎಂದಷ್ಟೇ ಬರೆದಿಟ್ಟರೆ ಅದು 1939-40 ಆಗಿರಬಹುದು, 1999-2000 ಆಗಿರಬಹುದು. ಈ ತೊಡಕನ್ನು ಬಲ್ಲ ಶಾಸನಕಾರರು ಸಂವತ್ಸರದ ಹೆಸರಿನೊಡನೆ ಶಕವರ್ಷವನ್ನೂ ಅನೇಕ ಕಡೆ ಕೆತ್ತಿಸಿದರು. ಹೆಸರು ಮಾತ್ರ ಉಳ್ಳ ಶಾಸನಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಲಿಪಿಯನ್ನೂ ಅರಸರ ಹೆಸರನ್ನೂ ಆಶ್ರಯಿಸಬೇಕಾಗುತ್ತದೆ.

ಇಂಥದೇ ತೊಡಕು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಗಣಕಯಂತ್ರಗಳಿಗೆ ಒದಗಿತು. ಯಂತ್ರದ ಸ್ಮೃತಿಕೋಶವು ಬಲು ದುಬಾರಿಯಾಗಿದ್ದ ಕಾಲದಲ್ಲಿ 1965 ಎಂಬುದನ್ನು 65 ಎಂದೇ ಬರೆಯುವ ವಾಡಿಕೆ ಬೆಳೆಯಿತು. 99ರ ಮುಂದೆ 00 ಬಂದಾಗ ಅದು 2000ವೋ 1900ವೋ ಎಂಬುದನ್ನು ಯಂತ್ರ ಅರಿಯದು. 1998ರಲ್ಲಿ ಸಂಪರ್ಕ ಪಡೆದ ಗ್ರಾಹಕನ ಲೆಕ್ಕವು ಎರಡು ವರ್ಷಕ್ಕೆ ಬದಲಾಗಿ ಋಣ ತೊಂಬತ್ತೆಂಟು ವರ್ಷವಾಗಿ ಹೊರಬೀಳಬಹುದಾಗಿತ್ತು. ‘ವೈಟುಕೆ’ ಎಂದು ಲೋಕವೆಲ್ಲ ಕರೆದ ದೋಷವಿದು.

ವಿದ್ಯುತ್ತಿಗೆ ತಿಥಿವಾರಗಳ ಗೊಡವೆಯಿಲ್ಲ. ಆದರೆ ಅದನ್ನು ಅಳೆಯುವ, ಹಂಚುವ, ದಾಖಲಿಸುವ ಯಂತ್ರಗಳಿಗೆ ಉಂಟು. ಆದುದರಿಂದ ಉತ್ತರ ಅಮೆರಿಕದ ವಿದ್ಯುತ್ ಸಂಸ್ಥೆಗಳು 1999ರ ಏಪ್ರಿಲ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಗಣಕಗಳೂ ದೂರಸಂಪರ್ಕವೂ ಕೈಕೊಟ್ಟರೆ ಜಾಲವನ್ನು ನಡೆಸುವ ಬಗೆ ಹೇಗೆಂದು ಅಭ್ಯಾಸ ಮಾಡಿ ನೋಡಿದುವು. ಕರ್ನಾಟಕದಲ್ಲಿ ಆ ವರ್ಷ ಸಂಧಿಕಾಲ. ವಿದ್ಯುಚ್ಛಕ್ತಿ ಮಂಡಳಿಯು ವಿದ್ಯುತ್ ಪ್ರಸರಣ ನಿಗಮವಾಗಿ ಮಾರ್ಪಟ್ಟುದು 1999ರಲ್ಲಿಯೇ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿದ್ದ ಅನೇಕ ತರುಣ ತಂತ್ರಜ್ಞರು ಆ ದಿನಗಳಲ್ಲಿ ಪರದೇಶದ ಸಂಸ್ಥೆಗಳ ಹಳೆಯ ಕೋಬಾಲ್ ಆದೇಶಗಳನ್ನು ಸಾಲುಸಾಲಾಗಿ ತಿದ್ದುತ್ತಿದ್ದರು.

ಶುಕ್ರವಾರ ರಾತ್ರಿ ಕಳೆದು 2000ದ ಜನವರಿ 1, ಶನಿವಾರ ಬೆಳಗಾಯಿತು. ಭಯಪಟ್ಟಂತಹ ಕತ್ತಲೆ ಎಲ್ಲಿಯೂ ಕವಿಯಲಿಲ್ಲ. ಒಡನೆಯೇ, ಸುರಿದ ಹಣವೆಲ್ಲ ವ್ಯರ್ಥವೆಂಬ ಮಾತು ಹುಟ್ಟಿತು. ಅಲ್ಪ ವೆಚ್ಚ ಮಾಡಿದ ದೇಶಗಳೂ ಸುಖವಾಗಿಯೇ ದಾಟಿದುವೆಂಬುದು ನಿಜ. ತಿರುಗುವ ತಟ್ಟೆಯ ಹಳೆಯ ಮೀಟರಿಗೂ ಯಾಂತ್ರಿಕ ರಿಲೇಗೂ ವರ್ಷದ ಅರಿವೇ ಇರಲಿಲ್ಲವೆಂಬುದೂ ನಿಜ. ಆದರೆ ಯಾವ ಯಂತ್ರದಲ್ಲಿ ದೋಷವಿಲ್ಲವೆಂಬುದು ಪರೀಕ್ಷಿಸಿದ ಮೇಲೆ ತಿಳಿಯತಕ್ಕದ್ದೇ ಹೊರತು ಮೊದಲೇ ಅಲ್ಲ. ಮಳೆಗಾಲಕ್ಕೆ ಮುನ್ನ ಕೆರೆಯ ಏರಿಯನ್ನು ಭದ್ರಪಡಿಸಿದವನನ್ನು, ಏರಿ ಒಡೆಯಲಿಲ್ಲವೆಂಬ ಕಾರಣಕ್ಕೆ ಹಳಿಯುವುದು ವಿವೇಕವಲ್ಲ.

ಈ ವಿಚಾರವು ಬರಿಯ ಗತಕಥೆಯಲ್ಲ. ಅನೇಕ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಮೂವತ್ತೆರಡು ಬಿಟ್ಟುಗಳ ಕೋಶದಲ್ಲಿ ಈ ಎಣಿಕೆಯು 2,14,74,83,647ಕ್ಕೆ ತುಂಬಿಹೋಗುತ್ತದೆ. ಆ ಗಳಿಗೆ 2038ರ ಜನವರಿ 19, ಭಾರತದ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣವೇ ತಿದ್ದದ ಯಂತ್ರವು 1901ರ ಡಿಸೆಂಬರಿಗೆ, ಅಂದರೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯುವುದಕ್ಕೂ ಮುಂಚಿನ ಕಾಲಕ್ಕೆ, ಮರಳಿಬಿಡುತ್ತದೆ.

ಆಗಿನ ಸ್ಥಿತಿಗೂ ಈಗಿನದಕ್ಕೂ ಅಂತರ ಬಹಳ. 1999ರಲ್ಲಿ ದಕ್ಷಿಣದ ಜಾಲವು ಬೇರೆಯಾಗಿತ್ತು. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣವು ಬಾಧೆಯಿಲ್ಲದೆ ಉಳಿದುದು ಇದರಿಂದಲೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಜಾಲವು ಏಕವಾಯಿತು. ಐಕ್ಯದಿಂದ ಬಲ ಬಂದುದು ದಿಟ. ಒಂದೆಡೆಯ ದೋಷವು ದೂರದವರೆಗೆ ಹಬ್ಬುವ ದಾರಿಯೂ ತೆರೆದುದು ಅಷ್ಟೇ ದಿಟ. ಬೆಸ್ಕಾಂ ಸಂಸ್ಥೆಯು 2025ರಲ್ಲಿ ನಗರದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿತು. ತಟ್ಟೆಯ ಮೀಟರಿನಂತೆ ಇದು ಕಾಲವನ್ನರಿಯದ ಯಂತ್ರವಲ್ಲ. ಇಂದು ಗೋಡೆಗೇರಿದ ಮೀಟರು, ಉಪಕೇಂದ್ರದಲ್ಲಿ ಇಂದು ಕುಳಿತ ರಿಲೇ, 2038ರಲ್ಲಿಯೂ ಅಲ್ಲಿಯೇ ಇದ್ದೀತು.

ಆದಕಾರಣ ಸಿದ್ಧತೆಯು ಖರೀದಿಯ ಕರಾರಿನಲ್ಲಿಯೇ ಮೊದಲಾಗಬೇಕು. ಯಾವ ಸಾಧನ ಕಾಲವನ್ನು ಹೇಗೆ ಎಣಿಸುತ್ತದೆಂಬ ಪಟ್ಟಿ ಪ್ರತಿಯೊಂದು ವಿದ್ಯುತ್ ಸಂಸ್ಥೆಯಲ್ಲಿಯೂ ಇರಬೇಕು. ದಿನಾಂಕವನ್ನು ಮುಂದಿಟ್ಟು ಪರೀಕ್ಷಿಸಿದ ವರದಿ ಪ್ರಕಟವಾಗಬೇಕು. ಪರರ ಗಣಕಗಳನ್ನು ತಿದ್ದಿಕೊಟ್ಟ ಊರಿಗೆ ತನ್ನ ದೀಪಗಳನ್ನು ಕಾಯ್ದುಕೊಳ್ಳುವ ವಿದ್ಯೆ ಅರಿದಲ್ಲ. ಗಣಿತ ಕಲಿಸುವ ಅಧ್ಯಾಪಕರು ಈ ಲೆಕ್ಕವನ್ನು ತರಗತಿಯಲ್ಲಿ ಬಿಡಿಸಿ ತೋರಿಸಲಿ. ವಿದ್ಯುತ್ ಇಲಾಖೆಯಲ್ಲಿಯೂ ಗಣಕೋದ್ಯಮದಲ್ಲಿಯೂ ಇರುವ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಕಚೇರಿಗಳಲ್ಲಿ ಇದನ್ನು ಈಗಲೇ ಪ್ರಸ್ತಾಪಿಸಲಿ. ಪಿಂಗಳ ಸಂವತ್ಸರದ ಆ ಮಂಗಳವಾರ ಬೆಳಿಗ್ಗೆ ಏನೂ ಸಂಭವಿಸದೆ ಹೋದರೆ, ಅದಕ್ಕಾಗಿ ದುಡಿದವರನ್ನು ನಗೆಯಾಡದೆ ನೆನೆಯುವಷ್ಟು ಕೃತಜ್ಞತೆ ಸಮಾಜಕ್ಕಿರಲಿ.