ಖೆಡ್ಡಾಕ್ಕೆ ಯಾರೂ ‘ಬೀಳುವುದಿಲ್ಲ’

ವರ್ತಕ ಬಂಧುಗಳ ಕೂಟವೊಂದರಲ್ಲಿ ಯುವಕನೊಬ್ಬನು ಹಳೆಯ ದಾಸ್ತಾನನ್ನು ಹೊಸ ಸರಕೆಂದು ಹೇಳಿ ಮಾರಿದ ಬಗೆಯನ್ನು ಬಣ್ಣಿಸುತ್ತ, “ಗಿರಾಕಿ ಖೆಡ್ಡಾಕ್ಕೆ ಬಿದ್ದ” ಎಂದನು. ನೆರೆದವರೆಲ್ಲ ನಕ್ಕರು. ನಾನೂ ನಕ್ಕೆನು. ಮನೆಗೆ ಮರಳಿದ ಮೇಲೆ ಆ ನಗೆಯೇ ನನ್ನನ್ನು ಚುಚ್ಚತೊಡಗಿತು.

ಖೆಡ್ಡಾ ಎಂಬುದು ಬೀಳುವ ಗುಂಡಿಯಲ್ಲ. ಗುಂಡಿ ತೋಡಿ ಆನೆ ಹಿಡಿಯುವ ಪದ್ಧತಿ ಬೇರೆಯೇ ಇತ್ತು. ಬೆನ್ನಟ್ಟು ಎಂಬರ್ಥದ ಹಿಂದಿಯ ‘ಖೇದನಾ’ ಕ್ರಿಯಾಪದದೊಡನೆ ಈ ಶಬ್ದಕ್ಕೆ ನಂಟು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದ ಈ ವಿಧಾನವು ಕಾಕನಕೋಟೆಯ ಕಾಡಿನಲ್ಲಿ 1971ರವರೆಗೂ ನಡೆಯಿತು. ನೂರಾರು ಜನರು ತಮಟೆ, ಪಂಜು, ಕೋವಿಗಳಿಂದ ಹಿಂಡನ್ನು ಬೆದರಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟುತ್ತಿದ್ದರು. ಬಾಗಿಲು ಮುಚ್ಚಿದ ಬಳಿಕ ಪಳಗಿದ ಆನೆಗಳು ಒಳಹೊಕ್ಕು ತಮ್ಮ ಜಾತಿಯನ್ನೇ ಒತ್ತಿ ನಿಲ್ಲಿಸುತ್ತಿದ್ದವು. ಮಾವುತರು ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಗಣ್ಯ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು.

ಇಲ್ಲಿ ಬಿದ್ದವರು ಯಾರು? ಅಟ್ಟಿದವರುಂಟು, ಕಟ್ಟಿದವರುಂಟು, ನೋಡಿ ನಲಿದವರುಂಟು, ಬಿದ್ದವರಿಲ್ಲ. ‘ಬಿದ್ದ’ ಎಂದೊಡನೆ ತಪ್ಪು ವಂಚಿತನ ಪೆದ್ದುತನದ ಪಾಲಾಗುತ್ತದೆ. ಹಗ್ಗ ಹಿಡಿದ ಕೈ ಮರೆಯಾಗುತ್ತದೆ. ಇದು ಕೇವಲ ವ್ಯಾಕರಣದ ದೋಷವಲ್ಲ, ಮಾಯಾಕಷಾಯದ ಭಾಷೆ.

“ಮಾತಿನ ಚಮತ್ಕಾರಕ್ಕೆ ಇಷ್ಟೊಂದು ವಿಚಾರಣೆಯೇ? ವ್ಯಾಪಾರದಲ್ಲಿ ಜಾಣತನ ಬೇಡವೇ?” ಎಂದು ಕೇಳುವವರಿದ್ದಾರೆ. ಜಾಣತನ ಬೇಕು. ಸರಕಿನ ಗುಣವನ್ನು ಅರಿಯಲು ಬೇಕು, ಬೆಲೆಯ ಏರಿಳಿತವನ್ನು ಎಣಿಸಲು ಬೇಕು; ಗಿರಾಕಿಯ ನಂಬಿಕೆಯನ್ನು ಬೇಟೆಯಾಡಲು ಬೇಡ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದೇ ‘ಬಂಧ’ವನ್ನು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳ ತೂಕ, ನಕಲಿ ಸರಕಿನ ವ್ಯವಹಾರಗಳು ಸೇರಿವೆ. ಅಂಗಡಿಯ ಗಲ್ಲದ ಮುಂದೆ ಕುಳಿತವನಿಗೆ ಈ ಎರಡು ವ್ರತಗಳು ಬೇರೆ ಬೇರೆಯಲ್ಲ. ನೀರನ್ನು ಸೋಸಿ ಕುಡಿಯುವ ನಾವು ಮಾತನ್ನು ಸೋಸದೆ ಆಡಬಹುದೇ?

ಆ ಯುವಕನು ತನ್ನ ಕಥೆಯನ್ನು ಕ್ರಿಯಾಪದ ಬದಲಿಸಿ ಮತ್ತೊಮ್ಮೆ ಹೇಳಲಿ: “ನಂಬಿ ಬಂದವನನ್ನು ನಾನು ಅಟ್ಟಿದೆ, ಕಟ್ಟಿಹಾಕಿದೆ.” ಆಗ ಯಾರಿಗೂ ನಗೆ ಬಾರದು. ಬಳಿಕ ಆ ಗಿರಾಕಿಗೆ ಹಣ ಹಿಂದಿರುಗಿಸಲಿ. ಅಂದು ಅಟ್ಟಣೆಯ ಮೇಲೆ ಕುಳಿತು ನಕ್ಕ ನಾವು, ಹಿರಿಯರೆನಿಸಿಕೊಂಡವರು, ಮೊದಲು ಕೆಳಗಿಳಿಯೋಣ.