ರಜೆಗೆ ಬಂದ ಯೋಧನಿಗೆ ಮೊದಲು ಬೇಕಾದುದು ವಿಶ್ರಾಂತಿ

ಚಟವೆಂದೊಡನೆ ನಮಗೆ ನೆನಪಾಗುವುದು ಮದ್ಯ, ತಂಬಾಕು, ಗುಟ್ಕಾ. ಹೊಟ್ಟೆಗೆ ಏನೂ ಹೋಗದೆ ಮನಸ್ಸಿಗೆ ಅಂಟುವ ಚಟಗಳೂ ಉಂಟು. ಮೊಬೈಲಿನ ಆಟ, ಹಣ ಕಟ್ಟಿ ಆಡುವ ರಮ್ಮಿ ಆ ಬಗೆಯವು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಜೂಜಿನ ಚಟದೊಂದಿಗೆ ಗೇಮಿಂಗ್ ಚಟವನ್ನೂ ರೋಗವೆಂದು ಗುರುತಿಸಿದೆ. ವೃತ್ತಿಯ ಬಳಲಿಕೆಯನ್ನು ಅದು ರೋಗವೆನ್ನದೆ, ಶಮನವಾಗದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎನ್ನುತ್ತದೆ.

ಇವೆರಡೂ ಒಬ್ಬರಲ್ಲೇ ಕೂಡಿದುದನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದಿಂದ ಸೇನೆಗೆ ಸೇರಿ ರಜೆಗೆ ಬಂದವರಲ್ಲಿ ನಾವು ಕಂಡಿದ್ದೇವೆ. ಕಂಪ್ಲಿ ಸಮೀಪದ ಯೋಧರೊಬ್ಬರನ್ನು ಅವರ ತಾಯಿ ಕರೆತಂದಿದ್ದರು. “ಮನಿಗೆ ಬಂದಾನ್ರೀ, ಆದ್ರ ಊಟಕ್ಕ ಕರದ್ರ ಏಳಂಗಿಲ್ಲ, ನಮ್ ಕೂಡ ಮಾತಿಲ್ಲ” ಎಂದರು. ನಸುಕಿನವರೆಗೆ ಮೊಬೈಲು, ಹಗಲು ನಿದ್ರೆ, ಸಣ್ಣ ಮಾತಿಗೂ ಸಿಟ್ಟು. ಮನೆಯವರು ಸೋಮಾರಿಯೆಂದು ಬೈದಿದ್ದರು. ಆದರೆ ತಿಂಗಳುಗಟ್ಟಲೆ ರಾತ್ರಿಯ ಕಾವಲಿನಿಂದ ಅವರ ನಿದ್ರೆ ಕೆಟ್ಟಿತ್ತು. ಪಾಳಿಗಳ ನಡುವೆ ಆ ಆಟವೊಂದೇ ಸಮಾಧಾನವಾಗಿತ್ತು. ಸಾಲವೂ ಆಗಿತ್ತು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ನೀಡಿದೆ. ಕಾಯಿದೆಯಿಂದ ಆಟ ನಿಲ್ಲಬಹುದು, ದಣಿವು ನೀಗದು.

ಮನೋವೈದ್ಯರನ್ನು ಕಾಣಿರೆಂದಾಗ ಅವರು ಹಿಂಜರಿದರು. ಮೆಡಿಕಲ್ ಕೆಟಗರಿ ಇಳಿದರೆ ಬಡ್ತಿಗೆ ತೊಡಕಾದೀತೆಂಬ ಭಯ. ಭಯವು ಸಹಜವೇ. ಆದರೆ ಸೇನೆಯು ಆರೋಗ್ಯವನ್ನು ಅಳೆಯುವ ‘ಶೇಪ್’ ಪದ್ಧತಿಯಲ್ಲಿ ಮೊದಲ ಅಕ್ಷರವೇ ಮನಸ್ಸಿನದು. ಕಿವಿ, ಕೈಕಾಲು, ದೇಹ, ಕಣ್ಣು ಆಮೇಲೆ. ತಾನಾಗಿ ನೆರವು ಕೇಳಿದವನಿಗೆ ಅದೇ ದಂಡವಾಗದಂತೆ ನೋಡುವುದು ಸೇನೆಯ ಹೊಣೆಯೆಂದು ನಾವು ಭಾವಿಸುತ್ತೇವೆ. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆಂದೇ ಟೆಲಿ ಮಾನಸ್ ಘಟಕ ಆರಂಭವಾದುದು ಒಳ್ಳೆಯ ಹೆಜ್ಜೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ಚಟಗಳಿಗೆ ‘ಶಟ್’ ಎಂಬ ಚಿಕಿತ್ಸಾಲಯವೇ ಇದೆ.

ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದನ್ನು ಚರಕಸಂಹಿತೆಯು ಸತ್ತ್ವಾವಜಯ ಚಿಕಿತ್ಸೆ ಎನ್ನುತ್ತದೆ. ರೂಢಿಯಾದ ಕೆಟ್ಟ ಅಭ್ಯಾಸವನ್ನು ಒಮ್ಮೆಲೇ ಕೀಳದೆ ಕಾಲುಕಾಲು ಭಾಗವಾಗಿ ಬಿಡಿಸಬೇಕೆಂಬುದೂ ಅದರ ಸೂಚನೆ. ಆದ್ದರಿಂದ ಮೊಬೈಲನ್ನು ಕಸಿಯಬೇಡಿ. ನಾಲ್ಕು ಗಂಟೆಯ ಆಟವನ್ನು ಮೂರಕ್ಕೆ ಇಳಿಸಿ, ಬಿಟ್ಟ ಹೊತ್ತಿನಲ್ಲಿ ಎಣ್ಣೆ ಸ್ನಾನವನ್ನೋ ಕಾಲುವೆ ದಂಡೆಯ ಮೇಲೆ ನಡಿಗೆಯನ್ನೋ ರೂಢಿಸಿ. ಸಾವಿನ ಮಾತು ಬಂದರೆ ಮಾತ್ರ ನಮ್ಮ ಕಷಾಯಕ್ಕೆ ಕಾಯದೆ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ.

ಮನೆಯವರಲ್ಲಿ ಒಂದು ವಿನಂತಿ. ಹೊಲದ ವ್ಯಾಜ್ಯ, ತಂಗಿಯ ಮದುವೆ, ಬ್ಯಾಂಕಿನ ಸಾಲ ಎಲ್ಲವನ್ನೂ ಯೋಧನ ರಜೆಗೆಂದು ಕಾದಿರಿಸುತ್ತೇವೆ. ಮೊದಲ ವಾರ ಇವಾವುದನ್ನೂ ಎತ್ತದೆ ಅವರನ್ನು ಮಲಗಲು ಬಿಡೋಣ. ಆ ಯೋಧರು ಮರಳುವ ಮುನ್ನ ತಾವಾಗಿಯೇ 14416ಕ್ಕೆ ಕರೆ ಮಾಡಿದರು. ಕರೆ ಮುಗಿಯುವವರೆಗೆ ತಾಯಿ ಪಕ್ಕದಲ್ಲಿ ಕುಳಿತಿದ್ದರಂತೆ.