ಕನ್ನಡ ಬಾರದ ಪಾಂಡಿತ್ಯ ಯಾರಿಗೆ?

ಕನ್ನಡದ ಯುವಕರೇ, ಬೆಂಗಳೂರಿನ ಐಐಎಂ ಶುರುವಾದದ್ದು 1973ರಲ್ಲಿ. 100 ಎಕರೆ ಜಮೀನು ಕೊಟ್ಟದ್ದು ಕರ್ನಾಟಕ ಸರ್ಕಾರ. ಅಲ್ಲಿ ಹಣಕಾಸು, ಮಾಹಿತಿ ವ್ಯವಸ್ಥೆ ಕಲಿಸುವವರ ಹಿನ್ನೆಲೆ ಓದಿ: ಐಐಟಿ, ಅಮೆರಿಕದ ಡಾಕ್ಟರೇಟ್! ವಿದ್ವತ್ತಿಗೆ ಕೈಮುಗಿಯೋಣ. ಕನ್ನಡ ಬರುತ್ತದೆಯೇ ಎಂದು ಕೇಳಿದವರು ಯಾರು?

ನಮ್ಮ ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗೂ ಅದೇ ಅಳತೆಗೋಲು. ಯುಜಿಸಿಯ ನೆಟ್ ಪರೀಕ್ಷೆಯ ವಾಣಿಜ್ಯ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡಕ್ಕೆ ಜಾಗವಿಲ್ಲ!

ನನ್ನ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ ಕಟ್ಟುತ್ತಿದ್ದ ಹುಡುಗ ಜಮಾ-ಖರ್ಚನ್ನು ಬಾಯಲ್ಲೇ ಹೇಳುತ್ತಿದ್ದ. ಬಿ.ಕಾಂ. ಸೇರಿದ. ಇಂಗ್ಲಿಷ್ ಪಾಠ ತಲೆಗೆ ಹತ್ತದೆ ವರ್ಷದೊಳಗೆ ವಾಪಸ್ ಬಂದ. ದಡ್ಡ ಅವನೋ, ಪಾಠ ಹೇಳಿದವರೋ?

ಹೊರಗಿನವರು ಬೇಡ ಎನ್ನುತ್ತಿಲ್ಲ. ನಮ್ಮ ತಳಕಿನ ಟಿ.ಎಸ್. ವೆಂಕಣ್ಣಯ್ಯನವರ ಮನೆಮಾತು ತೆಲುಗು. ಆದರೂ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು, ಕುವೆಂಪು ಅವರಿಗೆ ಗುರುವಾದರು. ಮನೆಮಾತು ಯಾವುದಾದರೂ ಇರಲಿ, ವಿದ್ಯಾರ್ಥಿಯ ಮಾತು ಬರಬೇಕು.

ನೇಮಕಾತಿಯಲ್ಲಿ ಕನ್ನಡಕ್ಕೂ ಅಂಕ ಕೊಡಲಿ. ಬಾರದವರಿಗೆ ಎರಡು ವರ್ಷ ಕಲಿಸಲಿ. ಯುವಕರೇ, ನಾಳೆ ತರಗತಿಯಲ್ಲಿ ಎದ್ದು ನಿಂತು, ವಿನಯದಿಂದಲೇ ಕೇಳಿ: "ಸಾರ್, ಇದನ್ನು ಕನ್ನಡದಲ್ಲಿ ಹೇಳಿ." ಕೇಳದಿದ್ದರೆ ಯಾರೂ ಕೊಡುವುದಿಲ್ಲ!